ಬೆಚ್ಚಗಿನ ಬಾನೆಟ್

ಜನವರಿ 8, 1994, ಶನಿವಾರ

ಇವತ್ತು ಮತ್ತೊಬ್ಬ ಮಹಾನುಭಾವ ಸಿಕ್ಕ. ಲಡ್ಲೋ ಊರಿನವನು, ಹಳೇ ಕಾರು ಮಾರುವವನು. "ಮಗು ಸಾಕಿದ ಹಾಗೆ ಸಾಕಿದ್ದೀನಿ ಸಾರ್" ಅಂದ. ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಹಿಂದಿನ ಚಕ್ರದ ಮೇಲಿನ ತಗಡಿಗೆ ಹಿಡಿದೆ. ಅಂಟದೆ ಜಾರಿ ನೆಲಕ್ಕೆ ಬಿತ್ತು. ಅಲ್ಲಿ ತಗಡಿದ್ದರೆ ತಾನೆ? ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಮೇಲೆ ಕೆಂಪು ಬಳಿದಿದ್ದ. ಜಾಕ್ ಕೊಟ್ಟು ಎತ್ತಿದರೆ ಬಾಗಿಲು ಮುಚ್ಚಲೇ ಇಲ್ಲ, ಕಾರು ನಡುವಿನಲ್ಲಿ ಬಾಗುತ್ತಿತ್ತು. ಮೇಲ್ಛಾವಣಿ ಇಲ್ಲದ ಕಾರಿಗೆ ಬಾಗಿಲ ಕೆಳಗಿನ ಪಟ್ಟಿಯೇ ಬೆನ್ನುಮೂಳೆ. ಅದು ಹೋದರೆ ಉಳಿದದ್ದೆಲ್ಲ ಅಲಂಕಾರ.

"ಸ್ವಾಮಿ, ನೀವು ಕಾರು ನೋಡೋಕೆ ಬಂದ್ರೋ ಹೆಣ ಕೊಯ್ಯೋಕೆ ಬಂದ್ರೋ?" ಎಂದ.

"ಇವತ್ತಿನ ಮಟ್ಟಿಗೆ ಎರಡೂ ಒಂದೇ" ಎಂದೆ.

ಆದರೂ ಟೀ ಕುಡಿಯಿರಿ ಎಂದ. ಮಾರುವವರ ಮನೆಯಲ್ಲಿ ನಾನು ಹನಿ ನೀರೂ ಮುಟ್ಟುವುದಿಲ್ಲ. ಮೂವತ್ತೊಂದು ವರ್ಷ ವಾಹನ ತಪಾಸಣೆ ಕೇಂದ್ರದಲ್ಲಿದ್ದಾಗಲೂ ಮುಟ್ಟಲಿಲ್ಲ, ನಿವೃತ್ತನಾಗಿ ಹಾಲ್ಬರ್ಡ್ ಕಾರುಗಳ ಕ್ಲಬ್ಬಿಗೆ ಹಳೇ ಕಾರು ನೋಡಿಕೊಡುವಾಗಲೂ ಮುಟ್ಟುವುದಿಲ್ಲ. ಒಂದು ತುಂಡು ಕೇಕ್ ಹೊಟ್ಟೆಗಿಳಿದರೆ ಸಾಕು, ತುಕ್ಕು ಅರ್ಧದಷ್ಟೇ ಕಾಣುತ್ತದೆ.

ಮನೆಗೆ ಬಂದು ಬೀನ್ಸ್ ಡಬ್ಬಿ ತೆರೆದೆ. ಈ ವಾರ ಮನುಷ್ಯರೊಂದಿಗೆ ಆಡಿದ ಮಾತು ಲಡ್ಲೋದವನ ಜಗಳ ಒಂದು, ಅಂಗಡಿಯವಳ "ಚೀಲ ಬೇಕಾ?" ಒಂದು.

ಜನವರಿ 11, ಮಂಗಳವಾರ

ಕ್ಲಬ್ ಕಾರ್ಯದರ್ಶಿ ಬೇಝಿಲ್ ಕ್ರೆಸ್‌ವೆಲ್ ಫೋನ್ ಮಾಡಿದ.

"ಏನಯ್ಯಾ ಸಿರಿಲ್, ಲಡ್ಲೋದವನು ನಿನ್ನ ಮೇಲೆ ದೂರು ಕೊಟ್ಟಿದ್ದಾನೆ. ಅವನ ಹೆಂಡ್ತಿ ಮುಂದೆ ಮರ್ಯಾದೆ ತೆಗೆದ್ಯಂತೆ."

"ಮರ್ಯಾದೆಗೂ ಪುಟ್ಟಿ ಹಚ್ಚಿದ್ದ, ನಾನೇನು ಮಾಡ್ಲಿ?"

ನಕ್ಕ. ಬೇಝಿಲ್ ಫೋನಿಟ್ಟ ಮೇಲೆ ಅವನ ನಗು ಒಂದೆರಡು ನಿಮಿಷ ಮನೆಯಲ್ಲಿ ಉಳಿಯುತ್ತದೆ. ಆಮೇಲೆ ಫ್ರಿಜ್ಜಿನ ಗುಂಯ್ ಕೇಳತೊಡಗುತ್ತದೆ.

ಮುಂದಿನ ಶನಿವಾರಕ್ಕೆ ಕೆಲಸ ಸಿಕ್ಕಿದೆ. ಬ್ಯೂಡ್ಲಿಯಲ್ಲಿ ಎನಿಡ್ ಬ್ರಾಮ್ಲಿ ಎಂಬ ಹೆಂಗಸು. ಗಂಡ ವಿಲ್ಫ್ರೆಡ್ ನಮ್ಮ ಕ್ಲಬ್ಬಿನ ಸದಸ್ಯನಾಗಿದ್ದವನು, ತೀರಿಕೊಂಡು ಒಂದು ವರ್ಷದ ಮೇಲಾಯಿತು. ಮನೆ ಮಾರಿದ್ದಾರೆ, ಮಾರ್ಚ್ ಕೊನೆಗೆ ತಂಗಿಯ ಊರಾದ ಕ್ರೋಮರಿಗೆ ಹೋಗುತ್ತಾರೆ, ಅಲ್ಲಿ ಗ್ಯಾರೇಜಿಲ್ಲ. ಕಾರು 1964ರ ಹಾಲ್ಬರ್ಡ್, ಹಸಿರು ಬಣ್ಣ. ಕೊಳ್ಳಬೇಕೆಂದಿರುವವಳು ಟೆಸ್ಸಾ ಓರ್ಡ್, ಉತ್ತರದ ಆನಿಕ್ ಊರಿನಲ್ಲಿ ಮೇಷ್ಟ್ರಮ್ಮ. "ಒಳ್ಳೇ ಕೈಗೆ ಹೋಗಬೇಕು, ಓಡಿಸೋರ ಕೈಗೆ ಹೋಗಬೇಕು" ಎಂದು ಮಿಸೆಸ್ ಬ್ರಾಮ್ಲಿ ಬೇಝಿಲ್‌ಗೆ ಮೂರು ಸಲ ಹೇಳಿದರಂತೆ. ಮಾರುವವರೆಲ್ಲ ಹಾಗೇ ಹೇಳುತ್ತಾರೆ.

ಜನವರಿ 15, ಶನಿವಾರ

ಮೈ ಉರಿಯುತ್ತಿದೆ. ಆದರೂ ಕ್ರಮವಾಗಿ ಬರೆಯುತ್ತೇನೆ.

ಹತ್ತೂವರೆಗೆ ಹೇಳಿದ್ದೆ, ಹತ್ತೂವರೆಗೇ ಹೋದೆ. ಎಪ್ಪತ್ತರ ಆಸುಪಾಸಿನ ಸಣ್ಣ ಹೆಂಗಸು. ಮನೆಯೊಳಗೆ ಕೋಟು, ಕುತ್ತಿಗೆಗೆ ಉಣ್ಣೆಯ ಶಾಲು, ಮೂಗು ಕೆಂಪಗೆ. ಹೊರಗಿನಿಂದ ಆಗತಾನೆ ಬಂದವರಂತಿದ್ದರು.

ಕಾರಿನ ತಳದಿಂದ ಶುರುಮಾಡಿದೆ, ಅಷ್ಟರಲ್ಲಿ ಅವರು ಹಾಲು ತರಲು ಅಂಗಡಿಗೆ ಹೋಗಿ ಬಂದರು. ಹೇಳಿದರೆ ಬೇಝಿಲ್ ನಂಬಲಿಕ್ಕಿಲ್ಲ, ಎಲ್ಲೂ ತುಕ್ಕಿಲ್ಲ. ಅಯಸ್ಕಾಂತ ಪ್ರತಿ ಇಂಚಿನಲ್ಲೂ ಟಕ್ ಎಂದು ಕೂತಿತು. ಜಾಕ್ ಮೇಲೆ ನಿಂತಾಗಲೂ ಬಾಗಿಲು ಬೆರಳ ತುದಿಗೇ ಮುಚ್ಚಿತು. ಕಾರ್ಪೆಟ್ ಎತ್ತಿ ಹೆಬ್ಬೆರಳಿನಿಂದ ಒತ್ತಿದೆ, ನೆಲ ಗಟ್ಟಿ. ತೇವದ ವಾಸನೆಯೂ ಇಲ್ಲ. ದಾಖಲೆಯ ಸಂಖ್ಯೆಗೂ ಚಾಸಿಯ ಮೇಲಿನ ಸಂಖ್ಯೆಗೂ ತಾಳೆಯಾಯಿತು. ಇಪ್ಪತ್ತೆರಡು ವರ್ಷಗಳ ರಸೀದಿಗಳನ್ನು ವಿಲ್ಫ್ರೆಡ್ ದಾರ ಕಟ್ಟಿ ಇಟ್ಟಿದ್ದಾನೆ. ಇಂಥ ಕಾರು ನೋಡಿ ಎಷ್ಟು ವರ್ಷವಾಯಿತು! ಎದೆ ಹಗುರಾಯಿತು.

ಬಾನೆಟ್ ತೆರೆಯುವ ಮೊದಲು ಅಭ್ಯಾಸದಂತೆ ಅಂಗೈ ಇಟ್ಟೆ.

ಬೆಚ್ಚಗಿತ್ತು.

ತಪಾಸಣೆಗೆ ಬರುವವನಿಗೆ ಎಂಜಿನ್ ತಣ್ಣಗೇ ಸಿಗಬೇಕು. ತಣ್ಣಗಿರುವಾಗಲೇ ಅದರ ರೋಗ ಬಾಯಿ ಬಿಡುವುದು. ಏಳಲು ಎಷ್ಟು ಕಷ್ಟ, ಒಳಗೆ ಏನು ಬಡಿಯುತ್ತದೆ, ಹೊಗೆ ಯಾವ ಬಣ್ಣ, ಎಲ್ಲವೂ. ಮೊದಲೇ ಬಿಸಿ ಮಾಡಿಟ್ಟವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. ಈ ದಂಧೆಯಲ್ಲಿ ಇದಕ್ಕಿಂತ ಹಳೆಯ ಮೋಸ ಇಲ್ಲ.

"ಇವತ್ತು ಸ್ಟಾರ್ಟ್ ಮಾಡಿದ್ರಾ?" ಎಂದು ಕೇಳಿದೆ.

ಅವರು ಶಾಲಿನ ಅಂಚು ಹಿಡಿದುಕೊಂಡರು. "ಇಲ್ವಲ್ಲ... ಯಾರೂ ಮುಟ್ಟಿಲ್ಲ" ಎಂದರು. ಮುಖ ಕೆಂಪಾಯಿತು.

"ಖಂಡಿತಾ?"

"ಟೀ ಕುಡೀತೀರಾ ಮಿಸ್ಟರ್ ಪರ್ಡಿ? ಸೋಂಪು ಹಾಕಿ ಕೇಕ್ ಮಾಡಿದ್ದೀನಿ."

ನಾನು ಟೀ ಕುಡಿಯುವುದಿಲ್ಲ ಎಂದು ಹೇಳಿ ಎಂಜಿನ್ ಸ್ಟಾರ್ಟೂ ಮಾಡದೆ ಸಾಮಾನು ಕಟ್ಟಿಕೊಂಡು ಬಂದುಬಿಟ್ಟೆ. ಬೇಸರವಾಯಿತು. ಅಷ್ಟು ಒಳ್ಳೆಯ ಕಾರು, ಅಷ್ಟು ಮೃದುವಾದ ಮುಖ, ಅದರಿಂದ ನೆಟ್ಟಗೆ ಒಂದು ಸುಳ್ಳು.

ಜನವರಿ 16, ಭಾನುವಾರ

ವರದಿ ಬರೆದೆ. ಬಾಡಿ ಅತ್ಯುತ್ತಮ. ಎಂಜಿನ್ ಮೊದಲೇ ಬಿಸಿ ಮಾಡಿಡಲಾಗಿತ್ತು, ಕೇಳಿದರೆ ಮಾರುವವರು ಸುಳ್ಳು ಹೇಳಿದರು. ಕೊಳ್ಳಬೇಡಿ. ಒಂದು ಪ್ರತಿ ಆನಿಕ್‌ಗೆ, ಒಂದು ಬೇಝಿಲ್‌ಗೆ. ಮಾರುವವರಿಗೆ ವರದಿ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ.

ಜನವರಿ 24, ಸೋಮವಾರ

ಏನೂ ಇಲ್ಲ. ಮಳೆ. ಬಚ್ಚಲ ನಲ್ಲಿಯ ವಾಷರ್ ಬದಲಿಸಿದೆ, ಅದು ಚೆನ್ನಾಗಿಯೇ ಇತ್ತು.

ಫೆಬ್ರವರಿ 2, ಬುಧವಾರ

ಅಂಚೆಯಲ್ಲಿ ಒಂದು ಲಕೋಟೆ. ಒಳಗೆ ನನ್ನ ಕರವಸ್ತ್ರ, ಒಗೆದು ಇಸ್ತ್ರಿ ಹಾಕಿ ನಾಲ್ಕು ಮಡಿಕೆ. ಜೊತೆಗೊಂದು ಚೀಟಿ:

"ಮಿಸ್ಟರ್ ಪರ್ಡಿ, ಇದನ್ನು ಗ್ಯಾರೇಜಿನಲ್ಲಿ ಬಿಟ್ಟುಹೋಗಿದ್ದಿರಿ. ಚಳಿಯಲ್ಲಿ ಅಷ್ಟು ಹೊತ್ತು ನೆಲದ ಮೇಲೆ ಮಲಗಿ ನೋಡಿದಿರಿ, ತುಂಬಾ ಉಪಕಾರವಾಯಿತು. ಮಿಸ್ ಓರ್ಡ್ ಬೇಡವೆಂದು ತಿಳಿಸಿದ್ದಾರೆ. ಕ್ಲಬ್ಬಿನಿಂದ ಬೇರೆ ಯಾರೂ ಕೇಳಲಿಲ್ಲ. ಬರ್ಮಿಂಗ್‌ಹ್ಯಾಮಿನಿಂದ ಒಬ್ಬರು ಬಂದಿದ್ದರು, ಕಾರನ್ನು ಬಿಚ್ಚಿ ಭಾಗಭಾಗವಾಗಿ ಮಾರುತ್ತಾರಂತೆ. ಮಾರ್ಚಿನೊಳಗೆ ಬೇರೆ ದಾರಿ ಕಾಣದಿದ್ದರೆ ಅವರಿಗೇ ಕೊಡಬೇಕಾಗುತ್ತದೆ. ನಿಮ್ಮ ತೊಂದರೆಗೆ ಮತ್ತೊಮ್ಮೆ ವಂದನೆಗಳು. ಎನಿಡ್ ಬ್ರಾಮ್ಲಿ."

ವರದಿಯಲ್ಲಿ ಏನು ಬರೆದಿರಿ ಎಂದು ಒಂದು ಮಾತೂ ಕೇಳಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. ನನ್ನ ಕರವಸ್ತ್ರಕ್ಕೆ ಬೇರೆಯವರು ಇಸ್ತ್ರಿ ಹಾಕಿ ಆರು ವರ್ಷವಾಯಿತು. ಹೆಂಡತಿ ಆಡ್ರಿ ಮನೆ ಬಿಟ್ಟು ಹೋಗುವ ದಿನ, "ನಿನ್ನ ಜೊತೆ ಬಾಳೋದು ಅಂದ್ರೆ ದಿನಾ ಬೆಳಗಾದ್ರೆ ತಪಾಸಣೆಗೆ ನಿಂತ ಹಾಗೆ ಸಿರಿಲ್" ಎಂದಿದ್ದಳು. ಈಗ ರಿಲ್ ಕಡಲತೀರದಲ್ಲಿ ಕ್ಯಾರವಾನ್ ಮಾರುವವನ ಜೊತೆಗಿದ್ದಾಳೆ. ಆ ಕ್ಯಾರವಾನ್‌ಗಳ ತಳ ಯಾರಾದರೂ ನೋಡಿದ್ದಾರೋ ಇಲ್ಲವೋ.

ಅಷ್ಟು ಗಟ್ಟಿ ಬಾಡಿಯನ್ನು ಬಿಚ್ಚಿ ಮಾರುತ್ತಾರಂತೆ! ಕಟುಕರು.

ಫೆಬ್ರವರಿ 8, ಮಂಗಳವಾರ

ಬ್ಯೂಡ್ಲಿಯ ಕಡೆ ಬೇರೆ ಕೆಲಸವಿತ್ತು. (ಇರಲಿಲ್ಲ. ನನ್ನ ಪುಸ್ತಕದಲ್ಲಿ ನಾನೇ ಯಾಕೆ ಸುಳ್ಳು ಬರೆಯಬೇಕು? ಕರವಸ್ತ್ರಕ್ಕೆ ಬಾಯಿಮಾತಿನಲ್ಲಿ ಥ್ಯಾಂಕ್ಸ್ ಹೇಳಿ ಬರೋಣವೆಂದು ಹೊರಟೆ.)

ಹತ್ತು ಗಂಟೆಗೆ ಅವರ ಬೀದಿಗೆ ತಿರುಗಿದಾಗಲೇ ಆ ಸದ್ದು ಕೇಳಿತು. ಹಾಲ್ಬರ್ಡ್ ಎಂಜಿನ್ ನಿಂತಲ್ಲೇ ಗುರುಗುಡುತ್ತಿತ್ತು. ಗ್ಯಾರೇಜಿನ ಎರಡೂ ಬಾಗಿಲು ಹಾರುಹೊಡೆದಿದ್ದವು. ಕಾರಿನಲ್ಲಿ ಮಿಸೆಸ್ ಬ್ರಾಮ್ಲಿ, ಕೋಟು, ಶಾಲು, ಮಡಿಲಲ್ಲಿ ಕೈಚೀಲ. ಕೂತದ್ದು ಸ್ಟೀರಿಂಗ್ ಹಿಂದೆ ಅಲ್ಲ, ಪಕ್ಕದ ಸೀಟಿನಲ್ಲಿ. ಕಣ್ಣು ಮುಚ್ಚಿದ್ದರು. ಓಡಿಸುವವನ ಸೀಟು ಖಾಲಿ.

ಹಿಂತಿರುಗಿ ಹೋಗಿಬಿಡಬೇಕಿತ್ತು. ಹೋಗಲಿಲ್ಲ. ಕಣ್ಣು ತೆರೆದು ನನ್ನನ್ನು ನೋಡಿದರು, ಕದ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಗಾಬರಿಯಾದರು. ಕೈ ಚಾಚಿ ಕೀ ತಿರುಗಿಸಿದರು. ಎಂಜಿನ್ ನಿಂತಿತು.

"ನಿಮಗೆ ಅವತ್ತು ಸುಳ್ಳು ಹೇಳ್ದೆ" ಎಂದರು. "ನಾಚಿಕೆ ಆಯ್ತು, ಅದಕ್ಕೆ. ವಯಸ್ಸಾದ ಹೆಂಗ್ಸು ನಿಂತಿರೋ ಕಾರಲ್ಲಿ ಕೂತ್ಕೋತಾಳೆ ಅಂತ ಹೇಗೆ ಹೇಳ್ಲಿ?"

ಅಡಿಗೆಮನೆಯಲ್ಲಿ ಕೂತೆವು. ಟೀ ಕುಡಿದೆ. ಕೇಕ್ ಕೂಡ ತಿಂದೆ. ಅವರು ಹೇಳುತ್ತಾ ಹೋದರು.

"ವಿಲ್ಫ್ರೆಡ್ ದಿನಾ ಹತ್ತು ಗಂಟೆಗೆ ಸ್ಟಾರ್ಟ್ ಮಾಡೋರು. ಆಮೇಲೆ ನದಿ ದಾಟಿ ಒಂದು ಸುತ್ತು ಹೋಗಿ ಬರ್ತಿದ್ವಿ. ನಂಗೆ ಓಡಿಸೋಕೆ ಬರಲ್ಲ. 'ಎನಿಡ್, ಎಂಜಿನ್ ಮಲಗೋಕೆ ಬಿಡಬಾರ್ದು, ಮಲಗಿದ್ರೆ ಸತ್ತಂಗೆ' ಅಂತಿದ್ರು. ಅವರು ಹೋದ ದಿನ ನಾನು ಪಕ್ಕದಲ್ಲಿರ್ಲಿಲ್ಲ ಮಿಸ್ಟರ್ ಪರ್ಡಿ. ಕೂದಲು ಸೆಟ್ ಮಾಡಿಸ್ಕೊಳ್ಳೋಕೆ ಹೋಗಿದ್ದೆ. ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅವರನ್ನಂತೂ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಇದನ್ನಾದ್ರೂ ಸಾಯೋಕೆ ಬಿಡಬಾರ್ದು ಅಂತ ಒಂದು ಬೆಳಿಗ್ಗೇನೂ ತಪ್ಪಿಸಿಲ್ಲ. ನಿಂತಲ್ಲೇ ಇಪ್ಪತ್ತು ನಿಮಿಷ ನಡೆಸಿ ನಿಲ್ಲಿಸ್ತೀನಿ."

ನಾನು ಆಕೆಯ ಮೇಲೆ ಏನು ಬರೆದಿದ್ದೆ ಎಂದು ಅಲ್ಲೇ ಹೇಳಿದೆ, ಇದ್ದದ್ದು ಇದ್ದಹಾಗೆ. ಬಯ್ಯುತ್ತಾರೆ ಅಂದುಕೊಂಡೆ.

"ಸುಳ್ಳು ಹೇಳಿದ್ದು ನಿಜ ತಾನೆ?" ಎಂದರು. "ಇನ್ನೊಂದು ಸ್ವಲ್ಪ ಹಾಕ್ಲಾ?"

ಫೆಬ್ರವರಿ 9, ಬುಧವಾರ

ಬೇಝಿಲ್‌ಗೆ ಫೋನ್ ಮಾಡಿ ವರದಿ ವಾಪಸ್ ಎಂದೆ.

"ಸಿರಿಲ್ ಪರ್ಡಿ ವರದಿ ವಾಪಸ್ಸಾ? ತಡಿ, ಕೂತ್ಕೋತೀನಿ."

ಮತ್ತೊಮ್ಮೆ ನೋಡುತ್ತೇನೆ, ಈ ಸಲ ತಣ್ಣಗಿರುವಾಗ, ಟೆಸ್ಸಾ ಓರ್ಡ್‌ಗೆ ಕಾಯಲು ಹೇಳು ಎಂದೆ. ಬರ್ಮಿಂಗ್‌ಹ್ಯಾಮಿನ ಕಟುಕನಿಗೆ ಮಾತು ಕೊಡಬೇಡಿ ಎಂದು ಮಿಸೆಸ್ ಬ್ರಾಮ್ಲಿಗೂ ಫೋನ್ ಮಾಡಿ ಹೇಳಿದೆ. ತಪಾಸಣೆಯ ಹಿಂದಿನ ಎರಡು ದಿನ ಎಂಜಿನ್ ಮುಟ್ಟುವಂತಿಲ್ಲ ಎಂದೂ ಹೇಳಿದೆ.

"ಎರಡು ದಿನಾನಾ?"

"ಎರಡು ದಿನ."

"ಆಗ್ಲಿ. ರೇಡಿಯೋ ಹಾಕ್ಕೋತೀನಿ."

ಫೆಬ್ರವರಿ 15, ಮಂಗಳವಾರ

ಬ್ಯೂಡ್ಲಿಯಲ್ಲಿ ಅವರ ಅಡಿಗೆಮನೆಯ ಕಪಾಟಿನ ಬಾಗಿಲು ಜೋತುಬಿದ್ದಿತ್ತು, ಸರಿಮಾಡಿ ಬಂದೆ. ಮನೆ ಹೇಗೂ ಮಾರಿಯಾಗಿದೆ, ಅದರ ಅಗತ್ಯವೇನೂ ಇರಲಿಲ್ಲ. ಆಕೆಗೆ ಇಸ್ಪೀಟಿನಲ್ಲಿ ಮೋಸ ಮಾಡುವ ಚಾಳಿ ಇದೆ. ಎರಡು ಸಲ ಕಂಡೆ, ಹೇಳಲಿಲ್ಲ.

ಫೆಬ್ರವರಿ 19, ಶನಿವಾರ

ಈ ದಿನ ಬಾರದೆ ಇದ್ದಿದ್ದರೆ ಚೆನ್ನಾಗಿತ್ತು.

ಬಾನೆಟ್ ಮೇಲೆ ಕೈ ಇಟ್ಟೆ, ಮಂಜುಗಡ್ಡೆಯಂತಿತ್ತು. ನಾಲ್ಕನೆಯ ಸಲಕ್ಕೆ ಎಂಜಿನ್ ಎದ್ದಿತು, ಏಳುತ್ತಲೇ ಕೆಳಗಿನಿಂದ ಕಟಕಟ ಬಡಿತ. ಹಿಂದೆ ನೀಲಿ ಹೊಗೆ. ನಿಲ್ಲಿಸಿ ಎಣ್ಣೆಯ ಕಡ್ಡಿ ತೆಗೆದು ಮೂಸಿದೆ. ಪೆಟ್ರೋಲ್ ವಾಸನೆ. ಎಣ್ಣೆ ನೀರಿನಂತೆ ಜಾರುತ್ತಿತ್ತು. ಒತ್ತಡದ ಮಾಪಕ ಹಾಕಿದೆ, ನಾಲ್ಕು ಸಿಲಿಂಡರುಗಳಲ್ಲಿ ಎರಡಕ್ಕೆ ಉಸಿರೇ ಇಲ್ಲ.

ಕಾರಣ ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ಪೆಟ್ರೋಲ್ ಹೆಚ್ಚು ಹರಿಸುವ ಚೋಕ್ ಎಳೆದು ನಿಂತಲ್ಲೇ ನಡೆಸಿದರೆ ಉರಿಯದ ಪೆಟ್ರೋಲ್ ಎಣ್ಣೆಗೆ ಇಳಿಯುತ್ತದೆ, ಎಣ್ಣೆ ತೆಳುವಾಗುತ್ತದೆ, ತೆಳುವಾದ ಎಣ್ಣೆಯಲ್ಲಿ ಲೋಹ ಲೋಹವನ್ನು ತಿನ್ನುತ್ತದೆ. ವಿಲ್ಫ್ರೆಡ್ ದಿನವೂ ಸ್ಟಾರ್ಟ್ ಮಾಡಿ ರಸ್ತೆಗೆ ಒಯ್ಯುತ್ತಿದ್ದ. ಅವನು ಹೇಳಿದ್ದರಲ್ಲಿ ಆಕೆಗೆ ಅರ್ಧ ಮಾತ್ರ ಸಿಕ್ಕಿತ್ತು. ಒಂದು ಬೆಳಿಗ್ಗೆಯೂ ತಪ್ಪಿಸದೆ ಆಕೆ ಉಳಿಸಿಕೊಂಡ ಎಂಜಿನ್ನು ಒಂದು ಬೆಳಿಗ್ಗೆಯೂ ಬಿಡದೆ ಸವೆದಿದೆ. ಶೆಡ್ಡಿಗೆ ಬೀಗ ಹಾಕಿ ಸುಮ್ಮನೆ ಬಿಟ್ಟಿದ್ದರೂ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಹೇಗಿದೆ?"

"ಬಾಡಿ ಚಿನ್ನ."

"ಎಂಜಿನ್ನು?"

"ಸ್ವಲ್ಪ ಕೆಲಸ ಇದೆ. ಆಗುವಂಥದ್ದೇ."

"ನಾನು ಚೆನ್ನಾಗಿ ನೋಡ್ಕೊಂಡಿದ್ದೀನಿ, ಅಲ್ವಾ?" ಎಂದರು. ಮುಖದಲ್ಲಿ ಅಂಥ ಹೆಮ್ಮೆ. ನಾನು ಸ್ಪ್ಯಾನರ್ ಒರೆಸುತ್ತಾ "ಹೌದು" ಎಂದೆ.

ಫೆಬ್ರವರಿ 20, ಭಾನುವಾರ

ವರದಿ ಬರೆಯಲು ಇಡೀ ದಿನ ಹಿಡಿಯಿತು. ಹಳೇ ಕಾರು ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ, ಎಂಜಿನ್ ಬಿಚ್ಚಿ ಹೊಸದು ಮಾಡಬಹುದು, ತುಕ್ಕು ತಿಂದ ಬಾಡಿಯನ್ನು ಮಾಡಲಾಗದು. ಆದ್ದರಿಂದ ಬೆಲೆಯಲ್ಲಿ ಎಂಜಿನ್ ಕೆಲಸದಷ್ಟು ಇಳಿಸಿಕೊಂಡು ಕಣ್ಣುಮುಚ್ಚಿ ಕೊಳ್ಳಿ ಎಂದು ಬರೆದೆ. ಇದು ಸತ್ಯ.

"ದೋಷಕ್ಕೆ ಕಾರಣ" ಎಂಬ ಅಂಕಣ ಉಳಿಯಿತು. ಆ ನಮೂನೆಯನ್ನು ಹನ್ನೊಂದು ವರ್ಷದ ಹಿಂದೆ ಮಾಡಿದವನು ನಾನೇ, ಖಾಲಿ ಬಿಟ್ಟ ವರದಿ ಕ್ಲಬ್ ತೆಗೆದುಕೊಳ್ಳಬಾರದು ಎಂದು ಹಟ ಹಿಡಿದವನೂ ನಾನೇ. "ವರ್ಷಕ್ಕೂ ಹೆಚ್ಚು ಕಾಲ ಓಡಿಸದೆ ದಿನವೂ ನಿಂತಲ್ಲೇ ಎಂಜಿನ್ ನಡೆಸಿದ್ದು" ಎಂದು ಬರೆದೆ. ಕೊಳ್ಳುವವಳಿಗೆ ತಿಳಿಯಬೇಕಾದ್ದೇ. ಹೇಗೂ ಮಾರುವವರಿಗೆ ತೋರಿಸುವ ಪದ್ಧತಿಯಿಲ್ಲ.

ಫೆಬ್ರವರಿ 25, ಶುಕ್ರವಾರ

ಟೆಸ್ಸಾ ಓರ್ಡ್ ಒಪ್ಪಿದ್ದಾಳೆ. ಮಾರ್ಚ್ 12ಕ್ಕೆ ಟ್ರೇಲರ್ ತರುತ್ತಾಳೆ. ಮಿಸೆಸ್ ಬ್ರಾಮ್ಲಿಗೆ ಹೇಳಿದಾಗ ಫೋನಿನಲ್ಲೇ ಅತ್ತರು. ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ, ಬ್ಯಾಟರಿ ತೆಗೆದಿಟ್ಟಿದ್ದೇನೆ ಎಂದೆ. ಬದಲಿಗೆ ಹತ್ತು ಗಂಟೆಗೆ ಇಸ್ಪೀಟ್ ಆಡೋಣ ಎಂದರು. ಮಂಗಳವಾರ, ಗುರುವಾರ ಬರುತ್ತೇನೆ ಎಂದೆ. ಪೆಟ್ರೋಲ್ ಸುಮ್ಮನೆ ಖರ್ಚು.

ಮಾರ್ಚ್ 12, ಶನಿವಾರ

ಬರೆದುಬಿಡುತ್ತೇನೆ.

ಟೆಸ್ಸಾ ಓರ್ಡ್ ಎಂಬವಳು ಮೂವತ್ತರ ಆಸುಪಾಸಿನ ಎತ್ತರದ ಹೆಂಗಸು, ಉಣ್ಣೆ ಟೋಪಿ, ಗಟ್ಟಿ ದನಿ. ಕಾರು ಕಂಡವಳೇ "ಅಯ್ಯೋ ನನ್ನ ಚಿನ್ನಾ!" ಎಂದು ಬಾಗಿಲ ಮೇಲೆ ಕೆನ್ನೆ ಇಟ್ಟಳು. ಮಿಸೆಸ್ ಬ್ರಾಮ್ಲಿಗೆ ಅಷ್ಟೇ ಸಾಕಾಯಿತು. ಒಳಗೆ ಕರೆದು ಕೂರಿಸಿ ಕೇಕ್ ಕೊಟ್ಟು, ವಿಲ್ಫ್ರೆಡ್ ಎಲ್ಲೆಲ್ಲಿ ಓಡಿಸಿದ, ಎಲ್ಲಿ ಮಳೆಗೆ ಸಿಕ್ಕಿದರು, ಎಲ್ಲ ಹೇಳಿದರು. ಮೂವರೂ ನಕ್ಕೆವು. ಆ ಅಡಿಗೆಮನೆಯಲ್ಲಿ ನನಗೆ ಸುಖವಾಗಿತ್ತು, ಬರೆಯಲು ನಾಚಿಕೆಯಿಲ್ಲ.

ಆಗ ಟೆಸ್ಸಾ ಚೀಲದಿಂದ ಒಂದು ಹಾಳೆ ತೆಗೆದಳು. ನನ್ನ ವರದಿ. ಮೂಲೆಯಲ್ಲಿದ್ದ ನನ್ನ ಸಹಿ ಅಷ್ಟು ದೂರದಿಂದ ಕಂಡಿತು.

"ಮಿಸೆಸ್ ಬ್ರಾಮ್ಲಿ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಎಂಜಿನ್ ಯಾಕೆ ಹೀಗಾಯ್ತು ಅಂತ ಪರ್ಡಿಯವರು ಬರೆದಿದ್ದಾರೆ. ನನ್ನ ಮೆಕ್ಯಾನಿಕ್ ಕೇಳ್ತಿದ್ದ, ಯಾರು ದಿನಾ..."

"ಅದು ನಾನು" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. ಮುಂದಿನ ಮಾತು ಏನೆಂದು ನನಗೇ ಗೊತ್ತಿರಲಿಲ್ಲ. ಬಾಯಿ ತಾನಾಗಿ ಆಡಿತು.

"ಎಂಜಿನ್ ಹಾಳು ಮಾಡಿದ್ದು ನಾನು. ಜನವರಿಯಲ್ಲಿ ಮೊದಲ ಸಲ ಬಂದಾಗ ಎಣ್ಣೆಮಟ್ಟ ನೋಡ್ಲಿಲ್ಲ. ಎಣ್ಣೆ ಕಡಿಮೆ ಇತ್ತು. ಮಿಸೆಸ್ ಬ್ರಾಮ್ಲಿ ಹಾಲು ತರೋಕೆ ಹೋದಾಗ ಹಾಗೇ ಸ್ಟಾರ್ಟ್ ಮಾಡಿ ವೇಗದ ಮುಳ್ಳು ಕೆಂಪಿಗೆ ಹೋಗೋವರೆಗೂ ಎಳೆದೆ. ಅವತ್ತಿಂದ ಒಳಗೆ ಸವೆಯೋಕೆ ಶುರುವಾಯ್ತು."

ಟೆಸ್ಸಾ ಹಾಳೆ ನೋಡಿದಳು, ನನ್ನನ್ನು ನೋಡಿದಳು. "ಮತ್ತೆ ಇಲ್ಲಿ ಬೇರೆ ಬರೆದಿದ್ದೀರಲ್ಲ?"

"ಸುಳ್ಳು ಬರೆದೆ. ನನ್ನ ತಪ್ಪು ಮುಚ್ಚೋಕೆ."

"ದೇವ್ರೇ! ನೀವು ಕ್ಲಬ್ಬಿನ ತಪಾಸಣೆಗಾರ. ನಿಮ್ಮ ಮಾತು ನಂಬಿ ಜನ ದುಡ್ಡು ಹಾಕ್ತಾರೆ."

"ಹೌದು. ಆ ಹಾಳೆ ಕೊಡಿ, ಸರಿಯಾದ್ದು ಬರೆದು ಕಳಿಸ್ತೀನಿ."

ಕೊಟ್ಟಳು. ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡೆ. ಮಿಸೆಸ್ ಬ್ರಾಮ್ಲಿ ಟೀ ಜಾಡಿಯನ್ನು ಮೇಜಿನ ಮೇಲಿಟ್ಟು, ಅದರ ಮುಚ್ಚಳ ಸರಿಮಾಡಿದರು. ನನ್ನ ಬಟ್ಟಲು ಖಾಲಿಯಿತ್ತು, ತುಂಬಲಿಲ್ಲ.

"ವಿಲ್ಫ್ರೆಡ್ ಯಾವತ್ತೂ ಎಣ್ಣೆ ನೋಡದೆ ಕೀ ತಿರುಗಿಸ್ತಿರ್ಲಿಲ್ಲ ಮಿಸ್ಟರ್ ಪರ್ಡಿ" ಎಂದರು. ಅಷ್ಟೇ. ದನಿ ಎತ್ತರಿಸಲೂ ಇಲ್ಲ.

ಟ್ರೇಲರಿಗೆ ಕಾರು ಹತ್ತಿಸಲು ಕೈಕೊಡಲು ಹೋದೆ. "ಬೇಡ, ನಾವೇ ಮಾಡ್ಕೋತೀವಿ" ಎಂದಳು ಟೆಸ್ಸಾ. ಬೀದಿಯ ಆಚೆ ನಿಂತು ನೋಡಿದೆ. ಮಿಸೆಸ್ ಬ್ರಾಮ್ಲಿ ಬಾಗಿಲನ್ನು ಒಮ್ಮೆ ತಟ್ಟಿ ಏನೋ ಹೇಳಿದರು. ಟ್ರೇಲರ್ ತಿರುವು ದಾಟಿದ ಮೇಲೆ ನೆಟ್ಟಗೆ ಒಳಗೆ ಹೋದರು.

ಮಾರ್ಚ್ 17, ಗುರುವಾರ

ಬೇಝಿಲ್ ಫೋನ್ ಮಾಡಿದ. ಈ ಸಲ ನಗಲಿಲ್ಲ.

"ಏನು ಮಾರಾಯ ಇದು? ಎಣ್ಣೆ ನೋಡದೆ? ನೀನು? ಆ ಹುಡುಗಿ ಕಾಗದ ಓದಿ ನಾನು ನಂಬ್ಲೇ ಇಲ್ಲ. ಸುಳ್ಳು ಅಂತ ಒಂದು ಮಾತು ಹೇಳು, ಇಲ್ಲೇ ಹರಿದು ಹಾಕ್ತೀನಿ."

"ನಿಜ."

"ಅವತ್ತು ಬಾನೆಟ್ ಬೆಚ್ಚಗಿತ್ತು ಅಂತ ಕುಣಿದಾಡಿದ್ದೆ. ಎಂಜಿನ್ ಸ್ಟಾರ್ಟೇ ಮಾಡದೆ ಬಂದೆ ಅಂದಿದ್ಯಲ್ಲ!"

"ಅದೂ ಸುಳ್ಳು."

ಅವನಿಗೊಬ್ಬನಿಗೆ ನಡೆದದ್ದು ಹೇಳಬಹುದಿತ್ತು. ಆದರೆ ಬೇಝಿಲ್‌ಗೆ ಗೊತ್ತಾದರೆ ಅವನ ಹೆಂಡತಿಗೆ ಗೊತ್ತು, ಅವಳಿಗೆ ಗೊತ್ತಾದರೆ ಕ್ಲಬ್ಬಿಗೇ ಗೊತ್ತು. ಕ್ಲಬ್ಬಿನ ಪತ್ರಿಕೆ ವಿಲ್ಫ್ರೆಡ್ ಹೆಸರಿನಲ್ಲಿ ಇನ್ನೂ ಎನಿಡ್‌ಗೆ ಹೋಗುತ್ತದೆ, ಆಕೆ ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ಬಾಯಿಗೆ ಬೀಗ ಹಾಕಿಕೊಂಡೆ.

"ತಪಾಸಣೆಗಾರರ ಪಟ್ಟಿಯಿಂದ ಹೆಸರು ತೆಗೀಬೇಕಾಗುತ್ತೆ ಸಿರಿಲ್. ಸಮಿತಿ ತೀರ್ಮಾನ."

"ತೆಗೀಲೇಬೇಕು. ನಾನಾಗಿದ್ರೂ ತೆಗೀತಿದ್ದೆ."

ಅವನೇ ಮೊದಲು ಫೋನಿಟ್ಟ.

ಮಾರ್ಚ್ 22, ಮಂಗಳವಾರ

ಹತ್ತು ಗಂಟೆಗೆ ಬ್ಯೂಡ್ಲಿಗೆ ಹೋಗಲಿಲ್ಲ. ಕರೆಯೂ ಇರಲಿಲ್ಲ.

ಮಾರ್ಚ್ 26, ಶನಿವಾರ

ಎಂಟಕ್ಕೇ ಎದ್ದು ಅಭ್ಯಾಸಬಲದಿಂದ ಲ್ಯಾಂಪು, ಜಾಕ್ ಎಲ್ಲ ಕಾರಿಗೆ ಹಾಕಿದೆ. ಆಮೇಲೆ ನೆನಪಾಗಿ ಒಂದೊಂದಾಗಿ ಒಳಗೆ ತಂದಿಟ್ಟೆ. ಇವತ್ತು ಎನಿಡ್ ಕ್ರೋಮರಿಗೆ ಹೋಗುವ ದಿನ. ಸಾಮಾನಿನ ಲಾರಿ ಹತ್ತಕ್ಕೆ ಎಂದಿದ್ದರು.

ಒಬ್ಬಂಟಿಯಾಗಿದ್ದೇನೆ. ಮೊದಲೂ ಇದ್ದೆ, ಆದರೆ ಈ ಮಾತು ಬರೆದಿರಲಿಲ್ಲ.

ಏಪ್ರಿಲ್ 9, ಶನಿವಾರ

ಕ್ರೋಮರಿನಿಂದ ಪೋಸ್ಟ್‌ಕಾರ್ಡ್ ಬಂದಿದೆ. ಮುಂದೆ ಸಮುದ್ರದ ಚಿತ್ರ. ಹಿಂದೆ ಅವರ ಸಣ್ಣ ಅಕ್ಷರ:

"ಪ್ರಿಯ ಮಿಸ್ಟರ್ ಪರ್ಡಿ, ಅವತ್ತು ನಿಮ್ಮ ಬಟ್ಟಲಿಗೆ ಟೀ ಹಾಕದೆ ಕಳಿಸಿದೆ. ಅದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ಒಪ್ಪಿಕೊಳ್ಳಲು ಎಷ್ಟು ಕಷ್ಟವಾಗಿರಬೇಕು ಎಂದು ಈಗ ಯೋಚಿಸುತ್ತೇನೆ. ಮಿಸ್ ಓರ್ಡ್ ಬರೆದಿದ್ದಾರೆ, ಎಂಜಿನ್ ಸರಿಯಾಯಿತಂತೆ, ಕಾರು ರಸ್ತೆಗೆ ಬಂದಿದೆಯಂತೆ. ಆದ್ದರಿಂದ ಇನ್ನು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಗೊತ್ತಿಲ್ಲದೆ ಆದದ್ದು. ಒಳ್ಳೆಯದಾಗಲಿ ಎಂದು ಮಾಡಿದ ಕೈಗೆ ಯಾರು ಶಿಕ್ಷೆ ಕೊಡುತ್ತಾರೆ? ಒಂದು ಬೆಳಿಗ್ಗೆಯೂ ತಪ್ಪಿಸದೆ ಅದನ್ನು ನಾನು ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಕ್ಕೇ ನಿಮ್ಮ ಆ ಒಂದು ಪೆಟ್ಟು ತಡೆದುಕೊಂಡಿತು ಎಂದು ನನ್ನ ತಂಗಿ ಹೇಳುತ್ತಾಳೆ. ಎನಿಡ್ ಬ್ರಾಮ್ಲಿ."

ಮೂರು ಸಲ ಓದಿದೆ. ಉತ್ತರ ಬರೆಯಲು ಕೂತೆ. ನಿಮ್ಮ ತಂಗಿ ಹೇಳಿದ್ದು ಸರಿ ಎಂದು ಬರೆದೆ.